ಮೆಚ್ಚಿನ ಕಥಾಸರಣಿ ಎಲ್ಲಿ ಸೊರಗುತ್ತದೆ, ಯಾಕೆ

ಪತ್ತೇದಾರ ಶರ್ಲಾಕ್ ಹೋಮ್ಸ್ ಕಥೆಯಲ್ಲಿ ಸತ್ತು ಮತ್ತೆ ಬದುಕಿ ಬಂದ ಮೇಲೆ ಕಾರ್ನ್‌ವಾಲ್‌ನ ಅಂಬಿಗನೊಬ್ಬ ಆ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅವರಿಗೆ ಒಂದು ಮಾತು ಹೇಳಿದನಂತೆ. ಆ ಬಂಡೆಯ ಮೇಲಿಂದ ಬಿದ್ದಾಗ ಹೋಮ್ಸ್ ಸಾಯದೇ ಇದ್ದಿರಬಹುದು ಸ್ವಾಮಿ, ಆದರೆ ಅವನು ಮೊದಲಿನ ಮನುಷ್ಯನಾಗಿ ಮಾತ್ರ ಉಳಿಯಲಿಲ್ಲ ಎಂದು. ಡಾಯ್ಲ್ ಇದನ್ನು 1924ರ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ನೂರು ವರ್ಷ ಕಳೆದರೂ ದೂರು ಬದಲಾಗಿಲ್ಲ. "ಮೊದಲಿನ ಮಜಾ ಇಲ್ಲ", "ಸುಮ್ಮನೆ ಎಳೀತಿದ್ದಾರೆ", "ದುಡ್ಡಿಗೋಸ್ಕರ ಬರೀತಿದ್ದಾರೆ". ಈ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ, ಆದರೆ ಮೂರರ ಹಿಂದಿನ ಕಾರಣ ಬೇರೆ ಬೇರೆ. ಲೇಖಕರ ಕೈ ಸೋತಿತು ಎಂದು ಷರಾ ಬರೆದುಬಿಡುವುದು ಸುಲಭ. ಬಹಳಷ್ಟು ಸಲ ಕೈ ಸೋತಿರುವುದಿಲ್ಲ, ಮೊದಲ ಪುಸ್ತಕವನ್ನು ನಿಲ್ಲಿಸಿದ್ದ ಲೆಕ್ಕಾಚಾರ ಕೆಟ್ಟಿರುತ್ತದೆ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ, ಯಾವ ಸರಣಿಯನ್ನು ಯಾವ ಸಂಪುಟದಲ್ಲಿ ಬಿಡಬಹುದು, ಯಾವುದನ್ನು ಹಲ್ಲುಕಚ್ಚಿ ದಾಟಿದರೆ ಮುಂದೆ ಸುಖವಿದೆ ಎಂಬುದೂ ಗೊತ್ತಾಗುತ್ತದೆ.

ಎರಡು ಜಾತಿ, ಎರಡು ಕಾಯಿಲೆ

ಸರಣಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಬಿಡಿ ಪ್ರಕರಣಗಳದ್ದು. ನಾಯಕ ಅದೇ, ಪ್ರಕರಣ ಹೊಸದು. ಹೋಮ್ಸ್, ಅಗಾಥಾ ಕ್ರಿಸ್ಟಿಯವರ ಪೊಯ್ರೊ, ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಲ್ಲ ಈ ಸಾಲಿನವರು. ಇಲ್ಲಿ ಎಲ್ಲಿಂದ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. ಇನ್ನೊಂದು, ಒಂದೇ ಕಥೆಯನ್ನು ಹಲವು ಸಂಪುಟಗಳಿಗೆ ಹರಡಿದ್ದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್', ರಾಬರ್ಟ್ ಜೋರ್ಡನ್ ಅವರ 'ದ ವೀಲ್ ಆಫ್ ಟೈಮ್' ಈ ಜಾತಿಯವು. ಟಿವಿಯಲ್ಲಿ 'ಗೇಮ್ ಆಫ್ ಥ್ರೋನ್ಸ್' ಎಂದು ಬಂದದ್ದು ಮಾರ್ಟಿನ್ ಅವರ ಈ ಸರಣಿಯೇ.

ಮೊದಲ ಜಾತಿ ಸೊರಗುವುದು ಸರಕು ತೀರಿ. ಎರಡನೆಯದು ಸೊರಗುವುದು ಸರಕು ಹೆಚ್ಚಾಗಿ. ಓದುಗರಿಗೆ ಎರಡೂ ಒಂದೇ ಥರದ ಬೇಸರವೆನಿಸಿದರೂ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಪಾತ್ರ ಹೆಚ್ಚಿದಷ್ಟೂ ಪಾಲು ಕಡಿಮೆ

ಎರಡನೆಯ ಜಾತಿಯ ಲೆಕ್ಕ ಕಣ್ಣಿಗೆ ಕಾಣುವಂಥದ್ದು, ಅದನ್ನೇ ಮೊದಲು ನೋಡೋಣ. ಮಾರ್ಟಿನ್ ಅವರ ಪುಸ್ತಕಗಳಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದ ನಡೆಯುತ್ತದೆ. ಹಾಗಾಗಿ ಎಣಿಸುವುದು ಸುಲಭ. 1996ರ ಮೊದಲ ಸಂಪುಟದಲ್ಲಿ, ಪೀಠಿಕೆ ಬಿಟ್ಟರೆ, 72 ಅಧ್ಯಾಯ, 8 ಪಾತ್ರ. ತಲೆಗೆ ಸರಾಸರಿ 9 ಅಧ್ಯಾಯ. 2000ದಲ್ಲಿ ಬಂದ ಮೂರನೆಯ ಸಂಪುಟದಲ್ಲಿ 80 ಅಧ್ಯಾಯ, 10 ಪಾತ್ರ. ಅಂದರೆ ತಲೆಗೆ 8, ಇನ್ನೂ ಹದದಲ್ಲೇ ಇದೆ. ಬಹುಪಾಲು ಓದುಗರು ಈ ಸರಣಿಯ ಶಿಖರ ಎನ್ನುವುದೂ ಇದನ್ನೇ. 2005ರ ನಾಲ್ಕನೆಯದರಲ್ಲಿ 45 ಅಧ್ಯಾಯ, 12 ಪಾತ್ರ. ತಲೆಗೆ ನಾಲ್ಕೂ ಇಲ್ಲ. 2011ರ ಐದನೆಯದರಲ್ಲಿ ಆದಿ ಅಂತ್ಯ ಬಿಟ್ಟು 71 ಅಧ್ಯಾಯ, 16 ಪಾತ್ರ. ತಲೆಗೆ ನಾಲ್ಕೂವರೆ.

ಸರಾಸರಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಐದನೆಯ ಸಂಪುಟದಲ್ಲಿ ಜಾನ್‌ಗೆ 13 ಅಧ್ಯಾಯ, ಟಿರಿಯನ್‌ಗೆ 12, ಡನೇರಿಸ್‌ಗೆ 10. ಮೂವರೇ ಅರ್ಧ ಪುಸ್ತಕ ತೆಗೆದುಕೊಂಡಿದ್ದಾರೆ. ಅದೇ ಪುಸ್ತಕದಲ್ಲಿ ಜೇಮಿಗೆ ಒಂದೇ ಅಧ್ಯಾಯ, ಆರ್ಯಾಗೆ ಎರಡು. ಜೇಮಿಗಾಗಿಯೇ ಆರು ವರ್ಷ ಕಾದವರಿಗೆ ಸಿಕ್ಕಿದ್ದು ಆ ಒಂದು ಅಧ್ಯಾಯ. ಬರವಣಿಗೆ ಎಷ್ಟೇ ಚೆನ್ನಾಗಿದ್ದರೂ ಅವರ ಮಟ್ಟಿಗೆ ಕಥೆ ನಿಂತಲ್ಲೇ ನಿಂತಿದೆ.

ಒಂದು ಪಾತ್ರದ ಬದುಕು ಒಂದು ಸಂಪುಟದಲ್ಲಿ ತಿರುವು ಪಡೆಯಬೇಕಾದರೆ ಕನಿಷ್ಠ ಇಷ್ಟಾದರೂ ಬೇಕು: ಅವಳು ಎಲ್ಲಿದ್ದಾಳೆ ಎಂದು ನೆನಪಿಸಲು ಒಂದು ಅಧ್ಯಾಯ, ತೊಡಕು ಬಿಗಿಯಲು ಎರಡು, ನಿರ್ಧಾರಕ್ಕೆ ಒಂದು, ಪರಿಣಾಮಕ್ಕೆ ಒಂದು. ಒಟ್ಟು ಐದು. ಪಾಲು ಐದಕ್ಕಿಂತ ಕೆಳಗಿಳಿದರೆ ಮೊದಲು ಹಾರಿಹೋಗುವುದು ನಿರ್ಧಾರ ಮತ್ತು ಪರಿಣಾಮ, ಯಾಕೆಂದರೆ ನೆನಪಿಸುವುದನ್ನು ಬಿಡಲಾಗುವುದಿಲ್ಲ. ಹಾಗಾಗಿ ಪಾತ್ರಗಳು ಊರಿಂದೂರಿಗೆ ನಡೆಯುತ್ತವೆ, ಉಣ್ಣುತ್ತವೆ, ಪತ್ರ ಬರೆಯುತ್ತವೆ, ತಲುಪಬೇಕಾದ ಊರಿನ ಕೋಟೆ ಕಾಣುವ ಹೊತ್ತಿಗೆ ಪುಸ್ತಕ ಮುಗಿಯುತ್ತದೆ. ಓದುಗರು "ಎಳೀತಿದ್ದಾರೆ" ಎನ್ನುವುದು ಇದಕ್ಕೆ. ಬೇಕೆಂದೇ ಎಳೆದದ್ದಲ್ಲ, ಜಾಗ ಸಾಲದೆ ಆದದ್ದು.

ಹಾಗಾದರೆ ಪಾತ್ರಗಳನ್ನು ಯಾಕೆ ಹೆಚ್ಚಿಸಬೇಕು? ಮೊದಲ ಸಂಪುಟಗಳಲ್ಲಿ ಧಾರಾಳವಾಗಿ ಕೊಂದಿರುತ್ತಾರೆ. ಸತ್ತವರ ಜಾಗದಲ್ಲಿ ಆ ಊರಿನ ಕಥೆ ಹೇಳಲು ಹೊಸ ಕಣ್ಣು ಬೇಕು. ಜೊತೆಗೆ ಮೊದಲ ಪುಸ್ತಕದಲ್ಲಿ ಬರೀ ಹೆಸರಾಗಿ ಬಂದ ದೇಶ, ಮನೆತನ, ಧರ್ಮಗಳೆಲ್ಲ ಆಮೇಲೆ ತಮ್ಮ ಪಾಲು ಕೇಳಲು ನಿಲ್ಲುತ್ತವೆ. ಮಾರ್ಟಿನ್ ಶುರುಮಾಡಿದಾಗ ಅಂದುಕೊಂಡದ್ದು ಮೂರೇ ಸಂಪುಟ. ಮೂರನೆಯದರ ನಂತರ ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸಿ, ಮಕ್ಕಳಾಗಿದ್ದ ಪಾತ್ರಗಳನ್ನು ದೊಡ್ಡವರಾಗಿಸುವ ಯೋಜನೆ ಅವರಿಗಿತ್ತು. ಬರೆಯಲು ಕೂತಾಗ ಆ ಐದು ವರ್ಷದಲ್ಲಿ ಏನಾಯಿತು ಎಂದು ಹಿಂದಿರುಗಿ ಹೇಳುವುದೇ ಹೆಚ್ಚಾಯಿತು. ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟು ಬಿಟ್ಟ ಕಾಲವನ್ನೆಲ್ಲ ತುಂಬಿಸಿ ಬರೆದರು. ಅದು ಒಂದು ಪುಸ್ತಕದಲ್ಲಿ ಹಿಡಿಸದೆ, ಅರ್ಧ ಪಾತ್ರಗಳನ್ನು ನಾಲ್ಕನೆಯದರಲ್ಲೂ ಉಳಿದವರನ್ನು ಐದನೆಯದರಲ್ಲೂ ಇಟ್ಟರು. ಕಾಲದ ಲೆಕ್ಕದಲ್ಲಿ ಎರಡೂ ಬಹುಮಟ್ಟಿಗೆ ಒಟ್ಟೊಟ್ಟಿಗೆ ನಡೆಯುತ್ತವೆ. ಉಳಿದರ್ಧ ಮುಂದಿನ ವರ್ಷವೇ ಬರಲೆಂಬ ಆಸೆಯನ್ನು ನಾಲ್ಕನೆಯದರ ಕೊನೆಯ ಟಿಪ್ಪಣಿಯಲ್ಲಿ ಬರೆದಿದ್ದರು. ಬಂದದ್ದು ಆರು ವರ್ಷದ ಮೇಲೆ.

ಒಂದೇ ಕಾಲವನ್ನು ಎರಡು ಸಲ ಹೇಳುವ ಈ ಕಷ್ಟ ಇನ್ನೂ ಬಿಗಿಯಾಗಿ ಕಾಣುವುದು ಜೋರ್ಡನ್ ಅವರಲ್ಲಿ. 2000ದ ಒಂಬತ್ತನೆಯ ಸಂಪುಟ ಒಂದು ಭಾರೀ ಘಟನೆಯೊಂದಿಗೆ ಮುಗಿಯಿತು. ಅದೇನೆಂದು ಹೇಳುವುದಿಲ್ಲ, ಓದುವವರಿಗೆ ಇರಲಿ. 2003ರ ಹತ್ತನೆಯದನ್ನು ಓದುಗರು ತೆರೆದದ್ದು ಅದರ ಪರಿಣಾಮ ತಿಳಿಯಲು. ಸಿಕ್ಕಿದ್ದು, ಆ ಘಟನೆ ನಡೆಯುವ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಉಳಿದವರು ಏನು ಮಾಡುತ್ತಿದ್ದರು ಎಂಬ ಅಧ್ಯಾಯಗಳ ಮೇಲೆ ಅಧ್ಯಾಯ. ಕಥೆಯ ಗಡಿಯಾರ ಮುಂದೆ ಹೋಗಲೇ ಇಲ್ಲ. ಎಂಟರಿಂದ ಹತ್ತರವರೆಗಿನ ಸಂಪುಟಗಳನ್ನು ಆ ಸರಣಿಯ ಅಭಿಮಾನಿಗಳು ಕೆಸರಿನಲ್ಲಿ ಕಾಲೆಳೆದಂತಹ ನಡಿಗೆ ಎಂದೇ ಕರೆಯುತ್ತಾರೆ. ಸಾಲು ಸಾಲಾಗಿ ನೋಡಿದರೆ ಅಲ್ಲಿ ಭಾಷೆ ಕೆಟ್ಟಿಲ್ಲ, ವಿವರ ಸೊರಗಿಲ್ಲ. ಗಡಿಯಾರ ನಿಂತದ್ದೇ ತಪ್ಪು. ಅದಕ್ಕೆ ಸಾಕ್ಷಿ 2005ರ ಹನ್ನೊಂದನೆಯ ಸಂಪುಟ: ಅದೇ ಲೇಖಕರು, ಅದೇ ಪಾತ್ರಗಳು, ಎಳೆಗಳನ್ನು ಒಂದೊಂದಾಗಿ ಕಟ್ಟತೊಡಗಿದ ಕೂಡಲೇ ವೇಗ ಮರಳಿತು. 2007ರಲ್ಲಿ ಜೋರ್ಡನ್ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು 2009, 2010 ಮತ್ತು 2013ರಲ್ಲಿ ಮುಗಿಸಿಕೊಟ್ಟರು.

ಎಳೆತಕ್ಕೆ ಅವಸರ ಮದ್ದಲ್ಲ ಎಂಬುದನ್ನು ಟಿವಿಯ 'ಗೇಮ್ ಆಫ್ ಥ್ರೋನ್ಸ್' ತೋರಿಸಿತು. ಮೊದಲ ಆರು ಸೀಸನ್‌ಗೆ ಹತ್ತತ್ತು ಕಂತು, ಏಳನೆಯದಕ್ಕೆ 7, 2019ರ ಎಂಟನೆಯದಕ್ಕೆ ಬರೀ 6. ಅರವತ್ತು ಕಂತು ಹರಡಿದ ಎಳೆಗಳನ್ನು ಹದಿಮೂರರಲ್ಲಿ ಮುಡಿಕಟ್ಟಿದರು. ಮೊದಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಒಂದೇ ಕಂತಿನೊಳಗೆ ಮುಗಿಯತೊಡಗಿತು, ಪಾತ್ರಗಳ ಮನಸ್ಸು ಬದಲಾದದ್ದು ಕಾಣಿಸದೆ ಬದಲಾದ ಮೇಲಿನ ಕೃತ್ಯ ಮಾತ್ರ ಕಂಡಿತು. ಕೊನೆಯ ಸೀಸನ್ ಮತ್ತೆ ಮಾಡಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು.

ಸರಕು ತೀರಿದಾಗ

ಇನ್ನು ಬಿಡಿ ಪ್ರಕರಣಗಳ ಜಾತಿ. ಹೋಮ್ಸ್‌ನದ್ದು ಒಟ್ಟು 4 ಕಾದಂಬರಿ, 56 ಸಣ್ಣಕಥೆ. 1887ರಲ್ಲಿ ಶುರುವಾಗಿ 1927ರಲ್ಲಿ ನಿಂತಿತು. ನಲವತ್ತು ವರ್ಷ. ಇಲ್ಲಿ ಪಾತ್ರ ಹೆಚ್ಚುವ ತಾಪತ್ರಯವಿಲ್ಲ, ಬಹುಪಾಲು ಕಥೆಗಳು ಬೇಕರ್ ಸ್ಟ್ರೀಟ್‌ನ ಕೋಣೆಯಿಂದ ಹೊಸದಾಗಿ ಹೊರಡುತ್ತವೆ. ಆದರೆ ಒಗಟಿನ ಅಚ್ಚುಗಳು ಎಣಿಸಿದಷ್ಟೇ ಇರುತ್ತವೆ.

1891ರ 'ದ ರೆಡ್ ಹೆಡೆಡ್ ಲೀಗ್' ತೆಗೆದುಕೊಳ್ಳಿ. ಕೆಂಪು ಕೂದಲಿನ ಗಿರವಿ ಅಂಗಡಿಯವನೊಬ್ಬನಿಗೆ ವಿಚಿತ್ರ ಕೆಲಸ ಸಿಗುತ್ತದೆ: ದಿನಾ ಹತ್ತರಿಂದ ಎರಡರವರೆಗೆ ಕೂತು ವಿಶ್ವಕೋಶ ನಕಲು ಮಾಡುವುದು, ವಾರಕ್ಕೆ 4 ಪೌಂಡ್ ಸಂಬಳ. ಎಂಟು ವಾರದ ಮೇಲೆ ಕಚೇರಿಯೇ ಮಾಯ. ಅವನನ್ನು ಅಂಗಡಿಯಿಂದ ಹೊರಗಿಟ್ಟು ನೆಲಮಾಳಿಗೆಯಿಂದ ಬ್ಯಾಂಕಿಗೆ ಸುರಂಗ ತೋಡುವುದು ಕಳ್ಳರ ಹೂಟ. 1893ರ 'ದ ಸ್ಟಾಕ್ ಬ್ರೋಕರ್ಸ್ ಕ್ಲರ್ಕ್'ನಲ್ಲಿ ಗುಮಾಸ್ತನೊಬ್ಬನಿಗೆ ಇಲ್ಲದ ಕಂಪನಿಯಲ್ಲಿ ಭಾರೀ ಸಂಬಳದ ಆಸೆ ತೋರಿಸಿ ಬರ್ಮಿಂಗ್‌ಹ್ಯಾಮ್‌ಗೆ ಸಾಗಹಾಕುತ್ತಾರೆ, ಅವನ ಹೆಸರಿನಲ್ಲಿ ಬೇರೊಬ್ಬ ಲಂಡನ್‌ನ ಕೆಲಸಕ್ಕೆ ಸೇರುತ್ತಾನೆ. 1924ರ 'ದ ತ್ರೀ ಗ್ಯಾರಿಡೆಬ್ಸ್'ನಲ್ಲಿ ಅಪರೂಪದ ಅಡ್ಡಹೆಸರಿನ ಮುದುಕನಿಗೆ ಕೋಟಿಗಟ್ಟಲೆ ಆಸ್ತಿಯ ಆಸೆ ತೋರಿಸಿ ಕೋಣೆಯಿಂದ ಹೊರಗೆ ಕಳಿಸುತ್ತಾರೆ, ಕೆಳಗಿನ ನೆಲಮಾಳಿಗೆಯಲ್ಲಿರುವುದು ಖೋಟಾ ನೋಟಿನ ಯಂತ್ರ. ಅಚ್ಚು ಒಂದೇ, ಎರಕ ಮೂರು. ಮೂರನೆಯದನ್ನು ಓದುವವರಿಗೆ ಮುದುಕ ಬಾಯಿಬಿಡುವ ಹೊತ್ತಿಗೇ ಉತ್ತರ ಗೊತ್ತು.

ಆದರೂ 'ಗ್ಯಾರಿಡೆಬ್ಸ್' ಮರೆತುಹೋಗಿಲ್ಲ. ಕೊನೆಯಲ್ಲಿ, ಹೋಮ್ಸ್ ಕಥೆಗಳನ್ನು ಹೇಳುವ ಅವನ ಗೆಳೆಯ ವಾಟ್ಸನ್‌ನ ತೊಡೆಗೆ ಗುಂಡು ಸವರುತ್ತದೆ, ಆಗ ಹೋಮ್ಸ್‌ನ ಮುಖದ ಬಿಗಿ ಕ್ಷಣಕಾಲ ಸಡಿಲಿ ಒಳಗಿನ ಅಕ್ಕರೆ ಕಾಣಿಸಿಬಿಡುತ್ತದೆ. ಒಗಟು ಹಳಸಿದ್ದರೂ ಸ್ನೇಹ ಹಳಸಿಲ್ಲ. ಬಿಡಿ ಪ್ರಕರಣಗಳ ಸರಣಿ ದೀರ್ಘಕಾಲ ಬಾಳುವುದು ಈ ಆಧಾರದ ಮೇಲೆಯೇ. ಆ ಆಧಾರಕ್ಕೆ ಕೈಹಾಕಿದಾಗ ಮಾತ್ರ ನಿಜವಾಗಿ ಕುಸಿಯುತ್ತದೆ.

ಡಾಯ್ಲ್ ಕೊನೆಕೊನೆಗೆ ಅದಕ್ಕೂ ಕೈಹಾಕಿದರು. 1926ರ ಎರಡು ಕಥೆಗಳನ್ನು, 'ದ ಬ್ಲಾಂಚ್ಡ್ ಸೋಲ್ಜರ್' ಮತ್ತು 'ದ ಲಯನ್ಸ್ ಮೇನ್', ವಾಟ್ಸನ್ ಬದಲು ಹೋಮ್ಸ್ ಹೇಳುತ್ತಾನೆ. ಕೆಡುವುದು ಎಲ್ಲಿ ಎಂದರೆ, ವಾಟ್ಸನ್‌ಗೆ ಉತ್ತರ ಗೊತ್ತಿರುವುದಿಲ್ಲ, ಆದ್ದರಿಂದ ಅವನು ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಓದುಗ ಅವನ ಪಕ್ಕದಲ್ಲೇ ಕೂತು ತಲೆ ಕೆರೆದುಕೊಳ್ಳುತ್ತಾನೆ. ಹೋಮ್ಸ್ ತಾನೇ ಹೇಳಲು ಕೂತರೆ ಅವನಿಗೆ ಗೊತ್ತಿದ್ದೂ ಹೇಳದೆ ಸತಾಯಿಸಬೇಕು. ಅದು ಮೋಸದಂತೆ ಕಾಣುತ್ತದೆ. 'ಬ್ಲಾಂಚ್ಡ್ ಸೋಲ್ಜರ್'ನಲ್ಲಿ ಹೋಮ್ಸ್ ಬಾಯಲ್ಲೇ ಡಾಯ್ಲ್ ಇದನ್ನು ಒಪ್ಪಿಸಿದ್ದಾರೆ: ಇಂಥ ಜಾಗದಲ್ಲಿ ವಾಟ್ಸನ್ ಇದ್ದಿದ್ದರೆ ಜಾಣತನದ ಪ್ರಶ್ನೆ, ಬೆರಗಿನ ಉದ್ಗಾರಗಳಿಂದ ನನ್ನ ಸಾದಾ ಕೆಲಸವನ್ನೂ ಪವಾಡ ಮಾಡಿಬಿಡುತ್ತಿದ್ದ ಎಂದು ಅವನು ಕೊರಗುತ್ತಾನೆ. 1921ರ 'ದ ಮಝಾರಿನ್ ಸ್ಟೋನ್' ಇನ್ನೊಂದು ಬಗೆಯಲ್ಲಿ ಸೋತಿದೆ. ಅದು ಡಾಯ್ಲ್ ಅವರ ಒಂದು ಪುಟ್ಟ ನಾಟಕವನ್ನೇ ಕಥೆಯಾಗಿ ಮಾರ್ಪಡಿಸಿದ್ದು. ಹಾಗಾಗಿ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಹೇಳುವವನು ವಾಟ್ಸನ್ ಅಲ್ಲ, ಕಿಟಕಿಯಲ್ಲಿ ಹೋಮ್ಸ್‌ನ ಬೊಂಬೆ ಇಟ್ಟು ಶತ್ರುವನ್ನು ಏಮಾರಿಸುವ ತಂತ್ರ 1903ರ 'ದ ಎಂಪ್ಟಿ ಹೌಸ್'ನಲ್ಲಿ ಆಗಲೇ ಬಳಸಿದ್ದು.

ಹಾಗಂತ ಅಂಬಿಗನ ಮಾತು ಪೂರ್ತಿ ಸರಿಯೇ? ಡಾಯ್ಲ್ 1927ರಲ್ಲಿ ತಮಗೆ ಮೆಚ್ಚಿನ ಹನ್ನೆರಡು ಹೋಮ್ಸ್ ಕಥೆಗಳ ಪಟ್ಟಿ ಕೊಟ್ಟರು. ಆಗಿನ್ನೂ ಪುಸ್ತಕವಾಗದಿದ್ದ ಕೊನೆಯ ಕಥೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಹನ್ನೆರಡರಲ್ಲಿ ಏಳು, 1893ರ ಕಥೆಯಲ್ಲಿ ಹೋಮ್ಸ್ ಜಲಪಾತಕ್ಕೆ ಬೀಳುವವರೆಗಿನವು, ಐದು ಮರಳಿ ಬಂದ ಮೇಲಿನವು. ಅವರ ತೀರ್ಪಿನಲ್ಲಿ ಇಳಿಜಾರು ಇದೆ, ಪ್ರಪಾತವಿಲ್ಲ. ಇದು ನ್ಯಾಯವಾದ ತೀರ್ಪು ಎಂದೇ ನಮಗನ್ನಿಸುತ್ತದೆ.

ಹಳೆಯ ವಿವರಗಳ ಜೊತೆ ತಾಳೆಯಾಗದಿರುವುದು ಬೇರೆಯದೇ ಪುರಾಣ. ಮೊದಲ ಕಾದಂಬರಿಯಲ್ಲಿ ವಾಟ್ಸನ್‌ಗೆ ಗುಂಡು ತಗುಲಿದ್ದು ಭುಜಕ್ಕೆ, 1890ರ ಎರಡನೆಯದರಲ್ಲಿ ನೋವು ಕಾಲಿನದ್ದು. ಅವನ ಹೆಸರು ಜಾನ್, 1891ರ ಒಂದು ಕಥೆಯಲ್ಲಿ ಹೆಂಡತಿ ಜೇಮ್ಸ್ ಎಂದು ಕರೆಯುತ್ತಾಳೆ. 1893ರಲ್ಲಿ ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿಯ ಹೆಸರನ್ನೇ ಕೇಳಿಲ್ಲ ಎನ್ನುವ ವಾಟ್ಸನ್, ಅದಕ್ಕೂ ಹಿಂದೆ ನಡೆದದ್ದೆಂದು 1914ರಲ್ಲಿ ಬರೆದ ಕಾದಂಬರಿಯಲ್ಲಿ ಮೊರಿಯಾರ್ಟಿ ಬಗ್ಗೆ ಧಾರಾಳವಾಗಿ ಮಾತಾಡುತ್ತಾನೆ. ಡಾಯ್ಲ್ ಇದಕ್ಕೆಲ್ಲ ತಲೆಕೆಡಿಸಿಕೊಂಡವರಲ್ಲ. ಗಮನಿಸಿ, ಈ ಎಡವಟ್ಟುಗಳಲ್ಲಿ ಹೆಚ್ಚಿನವು ಸರಣಿಯ ಅತ್ಯುತ್ತಮ ಕಾಲದವು. ಬಿಡಿ ಕಥೆಗಳಲ್ಲಿ ಇದು ಕೀಟಲೆಯ ವಸ್ತು: 1911ರಲ್ಲಿ ರೊನಾಲ್ಡ್ ನಾಕ್ಸ್ ಆಕ್ಸ್‌ಫರ್ಡ್‌ನಲ್ಲಿ ಒಂದು ಹಾಸ್ಯ ಪ್ರಬಂಧ ಓದಿ, ಹೋಮ್ಸ್ ಮರಳಿ ಬಂದ ಮೇಲಿನ ಕಥೆಗಳನ್ನು ಬರೆದವನು ಅಸಲಿ ವಾಟ್ಸನ್ನೇ ಅಲ್ಲವೇನೋ ಎಂಬ ವಾದವನ್ನು ಗಂಭೀರ ಮುಖ ಮಾಡಿಕೊಂಡು ಚರ್ಚಿಸಿದರು. ಒಂದೇ ಕಥೆ ಹರಿಯುವ ಸರಣಿಯಲ್ಲಾದರೆ ಇಂಥ ತಪ್ಪು ನಂಬಿಕೆಯನ್ನೇ ಅಲ್ಲಾಡಿಸುತ್ತದೆ, ಯಾಕೆಂದರೆ ಅಲ್ಲಿ ಓದುಗರು ಪ್ರತಿ ವಿವರವನ್ನೂ ಸುಳಿವೆಂದು ಕೂಡಿಟ್ಟುಕೊಂಡಿರುತ್ತಾರೆ.

ದುಡ್ಡು, ಕಂತು, ವಯಸ್ಸು

ದುಡ್ಡಿಗಾಗಿ ಬರೆದರು ಎಂಬ ದೂರಿನಲ್ಲಿ ಹುರುಳಿದೆ, ಆದರೆ ಜನ ಅಂದುಕೊಂಡ ಥರದಲ್ಲಿ ಅಲ್ಲ. ಸ್ಟ್ರಾಂಡ್ ಪತ್ರಿಕೆ ಮೊದಲ ಆರು ಹೋಮ್ಸ್ ಕಥೆಗಳಿಗೆ ಕೊಟ್ಟದ್ದು ಸರಾಸರಿ 35 ಪೌಂಡ್. ಮುಂದಿನ ಆರಕ್ಕೆ ಡಾಯ್ಲ್ ತಲಾ 50 ಕೇಳಿದರು. ಇನ್ನೂ ಬೇಕೆಂದಾಗ, ಪತ್ರಿಕೆಯವರೇ ಹಿಂದೆಗೆಯಲಿ ಎಂದು ಹನ್ನೆರಡಕ್ಕೆ 1,000 ಪೌಂಡ್ ಹೇಳಿದರು. ಒಪ್ಪಿಕೊಂಡುಬಿಟ್ಟರು! ಆ ಕಂತಿನ ಕೊನೆಯಲ್ಲೇ, 1893ರ ಡಿಸೆಂಬರ್‌ನಲ್ಲಿ, ಹೋಮ್ಸ್ ಸ್ವಿಟ್ಜರ್ಲೆಂಡ್‌ನ ರೈಖೆನ್‌ಬಾಕ್ ಜಲಪಾತಕ್ಕೆ ಬಿದ್ದದ್ದು. ಸುಮಾರು 20,000 ಚಂದಾದಾರರು ಪತ್ರಿಕೆ ಬಿಟ್ಟರೆಂಬುದು ಎಲ್ಲರೂ ಹೇಳುವ ಸಂಖ್ಯೆ. 1903ರಲ್ಲಿ ಅವನನ್ನು ಬದುಕಿಸಲು ಅಮೆರಿಕದ ಕಾಲಿಯರ್ಸ್ ಪತ್ರಿಕೆ 13 ಕಥೆಗೆ 45,000 ಡಾಲರ್ ಮುಂದಿಟ್ಟಿತು. ಇಲ್ಲಿ ದುಡ್ಡು ಮಾಡಿದ ಕೆಡುಕು ಏನೆಂದರೆ, ಲೇಖಕನಿಗೆ ಬೇಸರ ಬಂದ ಮೇಲೂ ಸರಣಿ ನಿಲ್ಲದ ಹಾಗೆ ಮಾಡಿದ್ದು. ಬೇಸರದಲ್ಲಿ ಬರೆದ ಪುಟ ಓದುಗರಿಗೆ ಕೂಡಲೇ ತಿಳಿಯುತ್ತದೆ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳದಂಥದ್ದು. ಮೊದಲ ಪುಸ್ತಕ ಸಂಪಾದಕರ ಕತ್ತರಿಗೆ ಸಿಕ್ಕಿ ಬಂದಿರುತ್ತದೆ. ಸರಣಿ ಗೆದ್ದ ಮೇಲೆ ಕತ್ತರಿ ಮೊಂಡಾಗುತ್ತದೆ, ಯಾಕೆಂದರೆ ಉದ್ದವಿದ್ದರೂ ಮಾರಾಟವಾಗುತ್ತದೆ, ತಡಮಾಡಿದರೆ ನಷ್ಟ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕದ ಬ್ರಿಟಿಷ್ ಆವೃತ್ತಿ 1997ರಲ್ಲಿ 223 ಪುಟ, 2003ರ ಐದನೆಯದು 766 ಪುಟ. ಪುಟ ಮೂರೂವರೆ ಪಟ್ಟಾದರೂ ನಡೆಯುವ ಕಾಲ ಅದೇ ಒಂದು ಶಾಲಾ ವರ್ಷ.

ಕನ್ನಡಿಗರಿಗೆ ಈ ಒತ್ತಡ ಹೊಸದಲ್ಲ. ವಾರಪತ್ರಿಕೆಯ ಧಾರಾವಾಹಿಗಳನ್ನು ಕಂತು ಕಂತಾಗಿ ಓದಿ ಬೆಳೆದ ತಲೆಮಾರುಗಳು ನಮ್ಮಲ್ಲಿವೆ. ಪ್ರತಿ ವಾರದ ಕೊನೆಗೂ ಒಂದು ಕೊಕ್ಕೆ, ಮರುವಾರದ ಮೊದಲಿಗೆ ಒಂದಿಷ್ಟು ನೆನಪೋಲೆ. ಪತ್ರಿಕೆಯಲ್ಲಿ ಉಸಿರು ಬಿಗಿಹಿಡಿಸಿದ್ದು, ಎಲ್ಲ ಒಟ್ಟುಸೇರಿ ಪುಸ್ತಕವಾದಾಗ ಅದೇ ಕೊಕ್ಕೆಗಳಿಂದ ಕುಲುಕಾಡುತ್ತದೆ. ಟಿವಿ ಧಾರಾವಾಹಿಯಲ್ಲಿ ಇದು ಇನ್ನೂ ನಿಷ್ಠುರ: ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತು ಬರೆಯುತ್ತಾರೆ, ಟಿಆರ್‌ಪಿ ಇದ್ದರೆ ಮದುವೆ ಮುಂದಕ್ಕೆ ಹೋಗುತ್ತದೆ, ಬಿದ್ದರೆ ಎರಡು ವಾರದಲ್ಲಿ ಎಲ್ಲರೂ ಒಂದಾಗಿ ಶುಭಂ.

ವಯಸ್ಸಿನ ಮಾತು ಸೂಕ್ಷ್ಮ. ಕ್ರಿಸ್ಟಿಯವರ 1972ರ 'ಎಲಿಫಂಟ್ಸ್ ಕ್ಯಾನ್ ರಿಮೆಂಬರ್' ಓದಿದವರಿಗೆ ಅಲ್ಲಿನ ಸಡಿಲತೆ ತಿಳಿಯುತ್ತದೆ: ಹೇಳಿದ್ದನ್ನೇ ಹೇಳುವುದು, ತಾರೀಖು ತಾಳೆಯಾಗದಿರುವುದು. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಅವರ ಕಾದಂಬರಿಗಳ ಪದಗಳನ್ನು ಕಂಪ್ಯೂಟರಿನಲ್ಲಿ ಎಣಿಸಿ, ಕೊನೆಯ ಕಾದಂಬರಿಗಳಲ್ಲಿ ಪದಗಳ ವೈವಿಧ್ಯ ಕುಗ್ಗಿದೆ, ಒಂದೇ ನುಡಿಗಟ್ಟು ಮರಳಿ ಮರಳಿ ಬರುತ್ತದೆ, 'ಏನಾದರೂ', 'ಏನೋ ಒಂದು' ಎಂಬಂಥ ಅಸ್ಪಷ್ಟ ಪದಗಳು ಏರಿವೆ ಎಂದು ತೋರಿಸಿದರು. ಮರೆವಿನ ಕಾಯಿಲೆಯ ಲಕ್ಷಣವಿರಬಹುದೆಂಬುದು ಅವರ ಊಹೆ. ಇಲ್ಲಿ ಓದುಗರಿಗೆ ಉಪಯೋಗಕ್ಕೆ ಬರುವ ಸಂಗತಿಯೊಂದಿದೆ. ಪೊಯ್ರೊನ ಕೊನೆಯ ಪ್ರಕರಣ 'ಕರ್ಟನ್' ಪ್ರಕಟವಾದದ್ದು 1975ರಲ್ಲಿ, ಬರೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ತಿಜೋರಿಯಲ್ಲಿ ಕಾದಿಟ್ಟಿದ್ದರು. ಆದ್ದರಿಂದಲೇ ಅದು ಹಿಂದಿನ ಕೆಲವು ವರ್ಷಗಳಲ್ಲಿ ಅವರು ಬರೆದ ಕಾದಂಬರಿಗಳಿಗಿಂತ ಅಷ್ಟು ಬಿಗಿಯಾಗಿದೆ. ಸರಣಿಯೊಂದರ ಇಳಿಜಾರು ಗುರುತಿಸುವಾಗ ಪ್ರಕಟವಾದ ವರ್ಷದ ಜೊತೆ ಬರೆದ ವರ್ಷವನ್ನೂ ನೋಡಿ.

ಓದುವವರ ಕಡೆಯ ಲೆಕ್ಕ

ನಿರಾಸೆಯಲ್ಲಿ ನಮ್ಮ ಪಾಲೂ ಇದೆ. ನಾವು ಒಂದು ಸರಣಿಗೆ ಅಂಟಿಕೊಳ್ಳುವುದೇ ಅದರ ಮೊದಲ ಪುಸ್ತಕ ಅಸಾಧಾರಣವಾಗಿದ್ದುದರಿಂದ. ಯಾವ ಲೇಖಕರೂ ಪ್ರತಿ ಸಲ ಆ ಮಟ್ಟ ಮುಟ್ಟುವುದಿಲ್ಲ, ಎರಡನೆಯದು ಅವರ ಸರಾಸರಿಗೆ ಹತ್ತಿರವಾಗುವುದು ಸಹಜ. ಅದು ಕುಸಿತವಲ್ಲ, ಮೊದಲನೆಯದೇ ಎತ್ತರದಲ್ಲಿತ್ತು. ನಿರಾಸೆಗೆ ಇನ್ನೊಂದು ಕಾರಣ ಕಾಯುವ ಕಾಲ. ಮಾರ್ಟಿನ್ ಅವರ ಮೂರನೆಯದರಿಂದ ಐದನೆಯದಕ್ಕೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷ ಓದುಗರು ಸುಮ್ಮನಿರಲಿಲ್ಲ. ಸುಳಿವು ಜೋಡಿಸಿದರು, ಜಗಳವಾಡಿದರು, ತಮ್ಮದೇ ಮುಂದಿನ ಸಂಪುಟವನ್ನು ಮನಸ್ಸಿನಲ್ಲಿ ಬರೆದುಕೊಂಡರು. ಹದಿನೆಂಟಕ್ಕೆ ಮೊದಲ ಪುಸ್ತಕ ಓದಿದವರು ಐದನೆಯದಕ್ಕೆ ಮೂವತ್ತು ದಾಟಿದ್ದರು.

ಇನ್ನೊಂದು ಮೋಸ ಸ್ಟಾರ್ ರೇಟಿಂಗಿನದ್ದು. ಒಂಬತ್ತನೆಯ ಸಂಪುಟಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಅಂಕ ಇರುವುದು ಸಾಮಾನ್ಯ. ಅದಕ್ಕೆ ಮರುಳಾಗಬೇಡಿ. ಬೇಸತ್ತವರು ನಾಲ್ಕರಲ್ಲೇ ಇಳಿದುಹೋಗಿರುತ್ತಾರೆ, ಒಂಬತ್ತಕ್ಕೆ ಅಂಕ ಕೊಡುವವರು ಕಟ್ಟಾ ಅಭಿಮಾನಿಗಳು ಮಾತ್ರ. ನೋಡಬೇಕಾದದ್ದು ಸರಾಸರಿಯನ್ನಲ್ಲ, ಅಂಕ ಕೊಟ್ಟವರ ಸಂಖ್ಯೆಯನ್ನು. ಒಂದರಿಂದ ಎರಡಕ್ಕೆ ಅದು ದೊಡ್ಡದಾಗಿ ಬೀಳುವುದು ಎಲ್ಲ ಸರಣಿಗಳಲ್ಲೂ ಇದ್ದದ್ದೇ. ಆಮೇಲೆ ನಿಧಾನಕ್ಕೆ ಇಳಿಯಬೇಕು. ನಡುವೆ ಎಲ್ಲಾದರೂ ಇನ್ನೊಮ್ಮೆ ದಿಢೀರನೆ ಬಿದ್ದಿದ್ದರೆ, ಅದರ ಹಿಂದಿನ ಸಂಪುಟದಲ್ಲಿ ಜನ ಇಳಿದಿದ್ದಾರೆ ಎಂದರ್ಥ.

ನೂರು ಪುಟದ ಹೊತ್ತಿಗೆ ತಿಳಿಯುವುದು

ಹೊಸ ಸಂಪುಟ ಕೈಗೆ ಬಂದಾಗ ಮೊದಲ ನೂರು ಪುಟದಲ್ಲಿ ನಾಲ್ಕು ಸಂಗತಿ ಗಮನಿಸಿದರೆ ಸಾಕು. ಹಿಂದಕ್ಕೆ ತೆಗೆದುಕೊಳ್ಳಲಾಗದ ಘಟನೆ ಒಂದಾದರೂ ನಡೆಯಿತೇ? ಹೊಸ ಹೆಸರುಗಳು ಎಷ್ಟು ಬಂದವು, ಹಳೆಯ ಎಳೆಗಳು ಎಷ್ಟು ಮುಗಿದವು? ಹಿಂದಿನ ಕಥೆಯನ್ನು ನೆನಪಿಸಲು ಎಷ್ಟು ಪುಟ ಹೋಯಿತು? ಕೊನೆಯದಾಗಿ, ಮೊದಲ ಪುಸ್ತಕ ಎತ್ತಿದ ಪ್ರಶ್ನೆಗೆ ಉತ್ತರ ಸಿಗುತ್ತಿದೆಯೇ, ಇಲ್ಲಾ ಅದರ ಜಾಗದಲ್ಲಿ ಹೊಸ ಪ್ರಶ್ನೆ ಇಟ್ಟು ಹಳೆಯದನ್ನು ಮರೆಸುತ್ತಿದ್ದಾರೆಯೇ? ಈ ಕೊನೆಯದೊಂದೇ ಕೆಟ್ಟ ಲಕ್ಷಣವಾದರೂ ಸರಣಿ ಬಿಡಲು ಸಾಕು. ಉಳಿದ ಮೂರು ಒಂದು ಸಂಪುಟದ ಕಾಯಿಲೆಯಾಗಿರಬಹುದು, ಜೋರ್ಡನ್ ಅವರ ಹತ್ತನೆಯದರ ಹಾಗೆ.

ಬಿಡಬೇಕೆಂದು ತೀರ್ಮಾನಿಸಿದರೂ ಎಲ್ಲವನ್ನೂ ಬಿಡಬೇಕಿಲ್ಲ. ಹೋಮ್ಸ್‌ನಲ್ಲಿ 'ಅಡ್ವೆಂಚರ್ಸ್', 'ಮೆಮಾಯರ್ಸ್' ಮತ್ತು 'ರಿಟರ್ನ್' ಸಂಕಲನಗಳನ್ನೂ, 1901-02ರಲ್ಲಿ ಧಾರಾವಾಹಿಯಾಗಿ ಬಂದ ಬಾಸ್ಕರ್‌ವಿಲ್ ಕಾದಂಬರಿಯನ್ನೂ ಪೂರ್ತಿ ಓದಿ. 'ಹಿಸ್ ಲಾಸ್ಟ್ ಬೋ'ದಿಂದ 'ದ ಬ್ರೂಸ್ ಪಾರ್ಟಿಂಗ್ಟನ್ ಪ್ಲಾನ್ಸ್', 'ದ ಡೆವಿಲ್ಸ್ ಫುಟ್' ಆರಿಸಿಕೊಳ್ಳಿ. ಕೊನೆಯ ಸಂಕಲನದಿಂದ 'ಥಾರ್ ಬ್ರಿಜ್', 'ದ ಇಲ್ಲಸ್ಟ್ರಿಯಸ್ ಕ್ಲೈಂಟ್' ಮತ್ತು ಆ ಗುಂಡಿನ ಗಳಿಗೆಗಾಗಿ 'ಗ್ಯಾರಿಡೆಬ್ಸ್'. 'ಮಝಾರಿನ್ ಸ್ಟೋನ್' ಬಿಟ್ಟರೆ ಏನೂ ನಷ್ಟವಿಲ್ಲ.

'ವೀಲ್ ಆಫ್ ಟೈಮ್'ನಲ್ಲಿ ಹತ್ತನೆಯದಕ್ಕೆ ಬಂದು ನಿಂತವರು ಅಧ್ಯಾಯವಾರು ಸಾರಾಂಶ ಓದಿ ಹನ್ನೊಂದಕ್ಕೆ ದಾಟಬಹುದು. ಅದನ್ನು ಪಾಪವೆಂದುಕೊಳ್ಳಬೇಕಿಲ್ಲ. ಮಾರ್ಟಿನ್ ಅವರ ನಾಲ್ಕು ಮತ್ತು ಐದನ್ನು ಅಭಿಮಾನಿಗಳು ಕಾಲಕ್ರಮದಲ್ಲಿ ಹೆಣೆದ ಓದುವ ಪಟ್ಟಿಗಳು ಸಿಗುತ್ತವೆ: ಒಂದು ಪುಸ್ತಕದಿಂದ ಕೆಲವು ಅಧ್ಯಾಯ, ಇನ್ನೊಂದರಿಂದ ಕೆಲವು. ಎರಡೂ ಪುಸ್ತಕ ಮಗ್ಗುಲಲ್ಲಿಟ್ಟುಕೊಂಡು ಪುಟ ಹುಡುಕುವುದು ತುಸು ಕಿರಿಕಿರಿ, ಇ-ಪುಸ್ತಕವಾದರೆ ಸಲೀಸು. ಮೊದಲ ಓದಿನಲ್ಲಿ ಮಾತ್ರ ಈ ಪಟ್ಟಿ ಹಿಡಿಯಬೇಡಿ, ಕೆಲವು ಪಾತ್ರಗಳ ಗತಿಯನ್ನು ಬೇಕೆಂದೇ ತಡವಾಗಿ ತಿಳಿಸುವ ಹೂಟ ಅದರಲ್ಲಿ ಹಾಳಾಗುತ್ತದೆ. ಎರಡನೆಯ ಓದಿಗೆ ಒಳ್ಳೆಯದು, ಯಾಕೆಂದರೆ ನಾಲ್ಕನೆಯದರಲ್ಲಿ ತಮ್ಮದೇ ಅಧ್ಯಾಯವಿಲ್ಲದಿದ್ದ ಜಾನ್ ಮತ್ತು ಟಿರಿಯನ್ ಈ ಓದಿನಲ್ಲಿ ಬೇಗನೇ ಎದುರಾಗುತ್ತಾರೆ.